ಎಂಬತ್ತನಾಲ್ಕು ಅಂಗಿಗುಂಡಿಗಳು

ಸಿಪ್ರಿಯನ್ ಬುತೆಲ್ಲೊ ಯಾರನ್ನೂ ನಂಬದ ಮನುಷ್ಯ. ಪಾದ್ರಿಯನ್ನು ನಂಬುವುದಿಲ್ಲ, ನೆರೆಯವರನ್ನು ನಂಬುವುದಿಲ್ಲ, ಬ್ಯಾಂಕಿನ ಎಣಿಸುವ ಯಂತ್ರವನ್ನು ನಂಬುವುದಿಲ್ಲ. ಹಣದ ವಿಷಯದಲ್ಲಿ ತಮ್ಮ ಎರಡು ಕೈಗಳನ್ನೂ ನಂಬುವುದಿಲ್ಲ. ಅವರ ಊರಿನವರು ಹೇಳುವುದು ಇದನ್ನೇ. ಮೊದಲ ಭೇಟಿಯ ನಂತರ ನಾನೂ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡದ್ದು ಇದನ್ನೇ.

ಅವರಿಗೆ ಈಗ ಎಪ್ಪತ್ತೆರಡು. ಓದಿದ್ದು ಏಳನೆಯ ತರಗತಿ. ಬಸ್ರೂರಿನಲ್ಲಿ ಬಸ್ಸು ತಿರುಗುವ ಜಾಗದ ಹಿಂದೆ ಒಂದು ಕೋಣೆಯ ದರ್ಜಿ ಅಂಗಡಿ. ಮನೆ ಹೊಳೆಯ ನಡುವಿನ ಕುದ್ರುವಿನಲ್ಲಿ. ಅಲ್ಲಿಗೆ ಹೋಗಲು ಬೈಕು ಮಾತ್ರ ಹಿಡಿಸುವ ಕಾಲುಸೇತುವೆ ಇದೆ. ಆ ದ್ವೀಪದಲ್ಲೊಂದು ಸಣ್ಣ ಚರ್ಚು, ಅವರ ಮಾತಿನಲ್ಲಿ ಇಗರ್ಜಿ, ಅದಕ್ಕೆ ಸೇರಿದ ಎಂಬತ್ತೈದು ಮನೆ. ಹತ್ತೊಂಬತ್ತು ವರ್ಷಗಳಿಂದ ಸಿಪ್ರಿಯನ್ ಆ ಇಗರ್ಜಿಯ ಖಜಾಂಚಿ.

ಕಳೆದ ವರ್ಷ, 2025ರ ಏಪ್ರಿಲ್ ಕೊನೆಯಲ್ಲಿ, ಅಲ್ಲಿಗೆ ಹೊಸದಾಗಿ ಬಂದ ಪಾದ್ರಿ ಜೋಸ್ವಿನ್ ನನ್ನನ್ನು ಹುಡುಕಿಕೊಂಡು ಕುಂದಾಪುರಕ್ಕೆ ಬಂದರು. ಪಾದ್ರಿಯಾಗುವ ಮೊದಲು ಅವರು ನನ್ನ ವಿದ್ಯಾರ್ಥಿ. ನಾನು ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಲೆಕ್ಕಪರಿಶೋಧನೆ ಮತ್ತು ಸಂಖ್ಯಾಶಾಸ್ತ್ರ ಕಲಿಸಿದವಳು.

"ಟೀಚರ್, ಒಂದು ಸಹಿ ಬೇಕಿತ್ತು. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಯ ವ್ಯತ್ಯಾಸವೊಂದು ಎರಡೂವರೆ ವರ್ಷದಿಂದ ಹಾಗೇ ಉಳಿದಿದೆ. ವಜಾ ಮಾಡಬಹುದು ಅಂತ ಹೊರಗಿನವರೊಬ್ಬರು ಬರೆದು ಕೊಟ್ಟರೆ ಮುಗಿಯುತ್ತದೆ. ಖಜಾಂಚಿ ಒಪ್ಪುತ್ತಿಲ್ಲ."

"ನೋಡದೆ ನಾನು ಸಹಿ ಮಾಡುವುದಿಲ್ಲ" ಎಂದೆ.

"ಗೊತ್ತು. ನೋಡಲಿಕ್ಕೇ ಬನ್ನಿ."

ಮೇ ನಾಲ್ಕರ ಆಯಿತವಾರ ಹೋದೆ. ನಾನು ಕೋಟದ ಕಡೆಯ ಬ್ರಾಹ್ಮಣರ ಮನೆಯವಳು. ಇಗರ್ಜಿಯ ಒಳಗೆ ಕುಳಿತು ಪೂಜೆ ನೋಡಿದ್ದು ಅದೇ ಮೊದಲು. ಆದರೆ ಇಲ್ಲಿ ಬರೆಯುತ್ತಿರುವುದು ಪೂಜೆ ಮುಗಿದ ಮೇಲೆ ಹೊರಗೆ ನಡೆದದ್ದನ್ನು.

ಇಗರ್ಜಿಯ ಮುಂಭಾಗದ ತೆರೆದ ಜಗಲಿಯಲ್ಲಿ ಉದ್ದನೆಯ ಮೇಜು ಹಾಕಿದ್ದರು. ಸಿಪ್ರಿಯನ್ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದರು. ಅದರ ತುಂಬ ಅಂಗಿಗುಂಡಿಗಳು. ಮನೆಗೊಂದು, ಒಂದರಂತೆ ಇನ್ನೊಂದಿಲ್ಲ. ಚಿಪ್ಪಿನದು, ಹಿತ್ತಾಳೆಯದು, ಸ್ಕೂಲ್ ಯೂನಿಫಾರ್ಮಿನ ನೀಲಿ ಗುಂಡಿ, ಯಾರದೋ ಮದುವೆ ಕೋಟಿನ ಕಪ್ಪು ಗುಂಡಿ. ಪ್ರತಿ ಗುಂಡಿಯ ಜೋಡಿಯೊಂದನ್ನು ಅವರು ಒಂದು ಬಿಳಿ ಬಟ್ಟೆಯ ಮೇಲೆ ಹೊಲಿದು, ಪಕ್ಕದಲ್ಲಿ ಮನೆಯ ನಂಬರನ್ನು ಕೆಂಪು ನೂಲಿನಲ್ಲಿ ಹಾಕಿದ್ದಾರೆ. ಮೊದಲು ಆ ಬಟ್ಟೆಯನ್ನು ಬಿಚ್ಚಿ ಹಾಸಿದರು. ಡಬ್ಬಿಯ ಒಂದೊಂದು ಗುಂಡಿಯನ್ನೂ ಅದರ ಜೋಡಿಯ ಮೇಲೆ ಇಟ್ಟು ನೋಡಿದರು. ಎಣಿಸಿ ಡಬ್ಬಿಗೆ ಹಾಕಿದರು. ಮತ್ತೊಮ್ಮೆ ಎಣಿಸಿದರು. ಜನ ಕಾಯುತ್ತಿದ್ದರು. ಯಾರೋ ಹಿಂದಿನಿಂದ, "ಹ್ವಾಯ್, ಗುಂಡಿ ಮರಿ ಹಾಕಿತಾ ಕಾಣಿ" ಎಂದರು. ಸಿಪ್ರಿಯನ್ ತಲೆ ಎತ್ತಲಿಲ್ಲ.

ಆಮೇಲೆ ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯಳಾದ ಮುದುಕಿಯೊಬ್ಬಳು ಡಬ್ಬಿಗೆ ಕೈಹಾಕಿ ಮೂರು ಗುಂಡಿ ತೆಗೆದಳು. ಆ ಮೂರು ಮನೆಯಿಂದ ಒಬ್ಬೊಬ್ಬರು ಆ ದಿನದ ಕಾಣಿಕೆ ಎಣಿಸಬೇಕು. ಯಾರು ಎಣಿಸುತ್ತಾರೆ ಎಂಬುದು ಗುಂಡಿ ಹೊರಗೆ ಬರುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಎಣಿಸುವವರಿಗೆಂದು ಮೂರು ಮೇಲಂಗಿ. ಹಿಂದೆ ಲಾಡಿ ಕಟ್ಟುವಂಥದ್ದು, ಮೊಣಕೈವರೆಗೆ ತೋಳು, ಎಲ್ಲಿಯೂ ಜೇಬಿಲ್ಲ. ಇವೂ ಸಿಪ್ರಿಯನ್ ಹೊಲಿದವೇ. ಎಣಿಸಿದವರು ಬ್ಯಾಂಕಿಗೆ ಹೋಗುವಂತಿಲ್ಲ, ಬ್ಯಾಂಕಿಗೆ ಹೋಗುವವರು ಎಣಿಸುವಂತಿಲ್ಲ. ಖಜಾಂಚಿಯ ಮನೆಯವರು ಎಣಿಸುವಂತೆಯೇ ಇಲ್ಲ. ಹಾಗಾಗಿ ಎಂಬತ್ತೈದು ಮನೆಗೆ ಎಂಬತ್ತನಾಲ್ಕೇ ಗುಂಡಿ. ಸಿಪ್ರಿಯನ್ ಅಷ್ಟು ಹೊತ್ತೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಇಗರ್ಜಿಯ ಒಂದು ನೋಟನ್ನೂ ಅವರು ಮುಟ್ಟಿಲ್ಲ.

"ಇದನ್ನೆಲ್ಲ ನಿಮಗೆ ಯಾರು ಕಲಿಸಿದರು?" ಎಂದು ಕೇಳಿದೆ.

"ಯಾರ್ ಕಲಿಸುಕೆ? ಬಟ್ಟೆ ಕೊಟ್ಟ್ ಹೋಪರಿಗೆ ಎಷ್ಟ್ ತುಂಡ್ ಉಳ್ದಿತ್ ಅಂತ ತೋರ್ಸ್ಕ್. ಇಲ್ದಿರೆ ದರ್ಜಿ ಕದ್ದ ಅಂಬ್ರ್. ಅಷ್ಟೇ."

ನಾನು ಮೂವತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ಬರೆದದ್ದು, ವಿದ್ಯಾರ್ಥಿಗಳು ಪರೀಕ್ಷೆಗೆ ಬರೆದು ಮರೆತದ್ದು, ಈ ಮನುಷ್ಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ನನ್ನ ವೃತ್ತಿಯಲ್ಲಿ ನಾನು ದೊಡ್ಡ ದೊಡ್ಡ ಸಂಸ್ಥೆಗಳ ಲೆಕ್ಕ ನೋಡಿದ್ದೇನೆ. ಇಂಥದ್ದನ್ನು ಎಲ್ಲಿಯೂ ನೋಡಿರಲಿಲ್ಲ.

ಆ ದಿನ ಅವರು ಎಣಿಸಿದಾಗ ಡಬ್ಬಿಯಲ್ಲಿದ್ದದ್ದು ಎಂಬತ್ತೊಂದು ಗುಂಡಿ. ಮೂರು ಇರಲಿಲ್ಲ. ನನ್ನನ್ನು ಕರೆಸಿದ ಎರಡು ಸಾವಿರದ ಕಥೆ ಆ ಮೂರು ಗುಂಡಿಗಳದ್ದು.

ಪ್ರತಿ ತಿಂಗಳ ಮೊದಲ ಆಯಿತವಾರ ಅಲ್ಲಿನ ಮನೆಗಳು ಮಾಸಿಕ ವಂತಿಗೆ ಕೊಡುತ್ತವೆ. ಲಕೋಟೆಗೆ ದುಡ್ಡು ದಂಡ ಎಂದು ಸಿಪ್ರಿಯನ್ ಮನೆಗೊಂದು ಬಟ್ಟೆಯ ಚೀಲ ಹೊಲಿದು ಕೊಟ್ಟಿದ್ದಾರೆ. ಚೀಲದ ಮೇಲೆ ನಂಬರು. ಒಳಗೆ ಹಣ, ಜೊತೆಗೆ ನಂಬರು ಮತ್ತು ಮೊತ್ತ ಬರೆದ ಚೀಟಿ. ಬಡವರ ಚೀಲದಲ್ಲಿ ಎಷ್ಟಿದೆ ಎಂದು ನಾಲ್ಕು ಜನ ನೋಡಬಾರದೆಂದು ಅವರು ಇನ್ನೊಂದು ನಿಯಮ ಮಾಡಿದ್ದರು: ಒಬ್ಬರು ಒಂದು ಬಟ್ಟೆಯ ಮರೆಯಲ್ಲಿ ಚೀಲ ಬಿಚ್ಚಿ ಹಣವನ್ನು ನೋಡದೆ ಮರದ ಪೆಟ್ಟಿಗೆಗೆ ಸುರಿದು, ಚೀಟಿಯನ್ನು ಮಾತ್ರ ಹೊರಗೆ ಕೊಡಬೇಕು. ಎರಡನೆಯವರು ಚೀಟಿ ನೋಡಿ ಬರೆಯಬೇಕು. ಕೊನೆಗೆ ಪೆಟ್ಟಿಗೆ ತೆರೆದು ಮೂರನೆಯವರು ಹಣ ಎಣಿಸಬೇಕು. ಖಾಲಿಯಾದ ಚೀಲಗಳು ಮನೆಗೆ ವಾಪಸು.

2022ರ ಅಕ್ಟೋಬರ್ ಎರಡರಂದು ಚೀಟಿಗಳ ಮೊತ್ತ ನಲವತ್ತೊಂದು ಸಾವಿರದ ಏಳುನೂರೈವತ್ತು. ಪೆಟ್ಟಿಗೆಯಲ್ಲಿದ್ದದ್ದು ಮೂವತ್ತೊಂಬತ್ತು ಸಾವಿರದ ಏಳುನೂರೈವತ್ತು. ಆ ದಿನ ಹಣ ಎಣಿಸಿದ್ದು ಲಾದ್ರು ಬರೆಟ್ಟೊ, ಮುಂಬೈಯಲ್ಲಿ ಕ್ಯಾಂಟೀನು ನಡೆಸಿ ಹಿಂದಿರುಗಿದ ಮಾತುಗಾರ. ಬರೆದದ್ದು ಒಬ್ಬ ಮುದುಕ ಬೋಟಿನವ. ಬಟ್ಟೆಯ ಮರೆಯಲ್ಲಿ ಚೀಲ ಬಿಚ್ಚಿದ್ದು ಎಮಿಲ್ದಾ ಫುರ್ಟಾಡೊ.

ಎಮಿಲ್ದಾ ಆಗ ಗಂಗೊಳ್ಳಿಯ ಐಸ್ ಪ್ಲಾಂಟೊಂದರಲ್ಲಿ ಬಿಲ್ಲು ಬರೆದು ಹಣ ತೆಗೆದುಕೊಳ್ಳುವ ಕೆಲಸದಲ್ಲಿದ್ದಳು. ಮಗಳ ನರ್ಸಿಂಗ್ ಶುಲ್ಕಕ್ಕೆ ಸಾಲ ಮಾಡಿದ್ದು ಎಲ್ಲರಿಗೂ ಗೊತ್ತಿತ್ತು. ಮೇಲಂಗಿಗೆ ಜೇಬಿಲ್ಲ, ಹಾಗಾದರೆ ನೋಟು ಎಲ್ಲಿ ಹೋಯಿತು? ಲಾದ್ರು ಚಹಾದಂಗಡಿಯಲ್ಲಿ ಉತ್ತರ ಕೊಟ್ಟ: "ಜೇಬ್ ಇಲ್ದಿರೆ ಎಂತ ಮಾರಾಯ್ರೆ? ಅಷ್ಟ್ ದೊಡ್ಡ ತುರ್ಬ್ ಇತ್ತಲೆ!" ನಗೆಗೆಂದು ಹೇಳಿದ ಮಾತು ವಾರದೊಳಗೆ ಸೇತುವೆ ದಾಟಿತು. ಐಸ್ ಪ್ಲಾಂಟಿನ ಪ್ರೇಮಾನಂದ ಎಂಬ ಮಾಲೀಕ ಏನೂ ಹೇಳದೆ ಅವಳನ್ನು ಹಣದ ಮೇಜಿನಿಂದ ಎಬ್ಬಿಸಿ ಐಸಿನ ದಿಮ್ಮಿ ಎಣಿಸಲು ಹಾಕಿದ. ಅಂದಿನಿಂದ ಎಮಿಲ್ದಾ ತುರುಬು ಕಟ್ಟಿಲ್ಲ. ಕೂದಲನ್ನು ಎಲ್ಲರಿಗೂ ಕಾಣುವಂತೆ ಜಡೆ ಹೆಣೆದು ಬೆನ್ನ ಮೇಲೆ ಬಿಡುತ್ತಾಳೆ.

ಇಗರ್ಜಿಯ ಸಮಿತಿ ಅವಳೊಬ್ಬಳ ಗುಂಡಿಯನ್ನು ತೆಗೆಯಲು ಹೇಳಿತು. ಸಿಪ್ರಿಯನ್ ಮೂವರದ್ದನ್ನೂ ತೆಗೆದು ಅವರವರ ಕೈಗೆ ಕೊಟ್ಟರು. ಲಾದ್ರು ಕೂಗಾಡಿದ. ಎಮಿಲ್ದಾ ಎರಡು ಸಾವಿರ ತುಂಬಿಸುತ್ತೇನೆ ಎಂದು ಹಣ ತಂದಳು. ಸಿಪ್ರಿಯನ್ ತೆಗೆದುಕೊಳ್ಳಲಿಲ್ಲ. ಇಲ್ಲಿಯವರೆಗೆ ಅವರು ಮಾಡಿದ್ದನ್ನು ಊರು ಒಪ್ಪಬಹುದಿತ್ತು. ಆದರೆ ವರ್ಷಕ್ಕೊಮ್ಮೆ, ಜೂನ್ ತಿಂಗಳ ಎರಡನೆಯ ಆಯಿತವಾರ, ಅವರು ಇಗರ್ಜಿಯಲ್ಲಿ ಇಡೀ ವರ್ಷದ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಾರೆ. ಎರಡು ವರ್ಷ ಆ ಓದಿನ ಕೊನೆಯ ಸಾಲು ಇದೇ: "ಅಕ್ಟೋಬರ್ ಎರಡು, ಎಲ್ಲ ಮನೆಯನ್ನು ವಿಚಾರಿಸಿದರೂ ಬಗೆಹರಿಯದ ವ್ಯತ್ಯಾಸ, ಎರಡು ಸಾವಿರ ರೂಪಾಯಿ." ಎರಡು ಸಲವೂ ಎಮಿಲ್ದಾ ಮೂರನೆಯ ಬೆಂಚಿನಲ್ಲಿ ಕುಳಿತಿದ್ದಳು. ನಾನು ಹೋದ ದಿನ ಮೂರನೆಯ ಓದಿಗೆ ಇನ್ನು ಐದು ವಾರವಿತ್ತು.

ಆ ಭಾನುವಾರ ಜಗಲಿಯ ಮೆಟ್ಟಿಲಲ್ಲಿ ಅವಳೇ ನನ್ನನ್ನು ತಡೆದಳು. ನಲವತ್ತೈದರ ಗಟ್ಟಿ ಹೆಂಗಸು. ಅಳುವವಳಲ್ಲ.

"ಸೈನ್ ಮಾಡಿ ಟೀಚರ್. ನಾ ಕದ್ದದ್ದ್ ಅಂತ ಬೇಕಾರೂ ಆಯ್ಲಿ. ಇನ್ನೊಂದ್ ಸಲ ಅದನ್ ಓದುದ್ ಬ್ಯಾಡ."

ಸಿಪ್ರಿಯನ್ ಅಲ್ಲೇ ಇದ್ದರು. "ವಜಾ ಮಾಡಿರೆ ಅದ್ ಕಳ್ತನ ಅಂತಲೇ ಉಳಿತ್ತ್ ಎಮಿಲ್ದಾ. ಓದ್ತಾ ಇದ್ರೆ, ಇನ್ನೂ ಗೊತ್ತಾಯ್ಲಿಲ್ಲೆ ಅಂತ ಇರತ್ತ್."

"ನಿಮ್ಗೆ ಓದುಕೆ ಸುಲಭ ಸಿಪ್ರಿಮಾಮ್. ಬೆಂಚಿನ್ ಮೇಲ್ ಕೂಕಂಬುದ್ ನಾನ್" ಎಂದಳು.

ಇಬ್ಬರ ಮಾತೂ ಸರಿಯಾಗಿತ್ತು. ನಾನು ಸಹಿ ಮಾಡಲಿಲ್ಲ. ಐದು ವಾರ ಕೊಡಿ ಎಂದೆ.

ಮರುದಿನದಿಂದ ನಾನು ಬಸ್ರೂರಿನ ಆ ದರ್ಜಿ ಅಂಗಡಿಯಲ್ಲಿ ಕುಳಿತೆ. ಹತ್ತೊಂಬತ್ತು ವರ್ಷದ ಚೀಟಿಗಳು ಅಲ್ಲಿದ್ದವು. ತಿಂಗಳಿಗೊಂದು ದಾರ, ದಾರದಲ್ಲಿ ಆ ತಿಂಗಳ ಚೀಟಿಗಳನ್ನು ಪೋಣಿಸಿ, ತುದಿಗೆ ತಿಂಗಳ ಹೆಸರಿನ ಬಟ್ಟೆಯ ತುಂಡು ಕಟ್ಟಿ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಅಕ್ಟೋಬರ್ ತಿಂಗಳ ದಾರ ಮುಟ್ಟಿ ಮುಟ್ಟಿ ಮಾಸಿತ್ತು. ಅದನ್ನು ಹಿಡಿದುಕೊಂಡು ಸಿಪ್ರಿಯನ್ ಎಂಬತ್ತನಾಲ್ಕು ಮನೆಗೂ ಹೋಗಿದ್ದರಂತೆ. ಆ ತಿಂಗಳು ಕೊಟ್ಟವರಿಗೆ ಚೀಟಿ ತೋರಿಸಿ, ಇಷ್ಟೇ ಹಾಕಿದ್ದಾ, ನೀವೇ ಬರೆದದ್ದಾ ಎಂದು ಕೇಳಿ, ಪ್ರತಿ ಮನೆಯವರ ಸಹಿ ಹಾಕಿಸಿಕೊಂಡಿದ್ದರು. ಮೂರು ತಿಂಗಳು ಹಿಡಿದಿತ್ತು. ಎಲ್ಲರೂ ಹೌದು ಎಂದಿದ್ದರು. ಎರಡು ಸಾವಿರಕ್ಕಾಗಿ ಮೂರು ತಿಂಗಳು ಮನೆಮನೆ ಸುತ್ತಿದ ಲೆಕ್ಕಿಗನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ.

ಹೊಲಿಗೆಯ ಯಂತ್ರ ಓಡುತ್ತಿರುವಾಗಲೇ ನಾನು ಓದುತ್ತಿದ್ದೆ. ಮಧ್ಯೆ ಮಧ್ಯೆ ಗಿರಾಕಿಗಳು ಬಂದು, ಕನ್ನಡಕದ ಅಜ್ಜಿಯೊಬ್ಬಳು ಕಾಗದದ ರಾಶಿಯಲ್ಲಿ ಕುಳಿತದ್ದನ್ನು ನೋಡಿ, "ಎಂತ ಸಿಪ್ರಿಯಣ್ಣ, ಇನ್‌ಕಮ್ ಟ್ಯಾಕ್ಸಾ?" ಎಂದು ಕೇಳಿ ಹೋಗುತ್ತಿದ್ದರು. "ಹೌದ್, ನಿನ್ ಪ್ಯಾಂಟಿನ ಬಾಕಿಯೂ ಬರಕಂತಿದ್ರ್" ಎನ್ನುತ್ತಿದ್ದರು ಸಿಪ್ರಿಯನ್, ನಗದೆ.

ಒಂದು ತಿಂಗಳಲ್ಲಿ ತಪ್ಪು ಕಂಡರೆ ಅದರ ಹಿಂದಿನ ತಿಂಗಳನ್ನು ನೋಡಬೇಕು. ಇದು ನಾನು ಮೊದಲ ವರ್ಷದ ಮಕ್ಕಳಿಗೆ ಹೇಳುತ್ತಿದ್ದ ಪಾಠ. ಸೆಪ್ಟೆಂಬರಿನ ದಾರ ಬಿಚ್ಚಿದೆ. ಆ ತಿಂಗಳು ಮಾತೆ ಮೇರಿಯ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಎಲ್ಲರೂ ಸ್ವಲ್ಪ ಹೆಚ್ಚು ಕೊಡುತ್ತಾರೆ. ಚೀಟಿಗಳನ್ನು ಪುಸ್ತಕದೊಂದಿಗೆ ಒಂದೊಂದಾಗಿ ತಾಳೆ ಹಾಕಿದೆ. ಪುಸ್ತಕದಲ್ಲಿ ಮೂವತ್ತೇಳನೆಯ ನಂಬರಿನ ಚೀಲ ಎರಡು ಸಾವಿರದ ಐನೂರು ಕೊಟ್ಟಿತ್ತು. ದಾರದಲ್ಲಿ ಮೂವತ್ತೇಳರ ಚೀಟಿ ಇರಲಿಲ್ಲ. ಎಲ್ಲ ಮನೆಯೂ ಎಲ್ಲ ತಿಂಗಳೂ ಕೊಡುವುದಿಲ್ಲವಾದ್ದರಿಂದ ಚೀಟಿಗಳ ಸಂಖ್ಯೆಯಲ್ಲಿ ಅದು ಯಾರಿಗೂ ಕಂಡಿರಲಿಲ್ಲ. ಅಕ್ಟೋಬರಿನ ದಾರದಲ್ಲಿ ಮೂವತ್ತೇಳರ ಚೀಟಿ ಇತ್ತು. ಮೊತ್ತ ಎರಡು ಸಾವಿರದ ಐನೂರು. ದರ್ಜಿಗಳ ನೀಲಿ ಪೆನ್ಸಿಲ್ಲಿನಲ್ಲಿ ಬರೆದದ್ದು, ನೇರವಾದ ಅಕ್ಷರ.

"ಮೂವತ್ತೇಳು ಯಾರ ಮನೆ?" ಎಂದೆ.

ಯಂತ್ರ ನಿಂತಿತು. "ನಮ್ದ್."

"ಈ ಚೀಟಿಯ ಅಕ್ಷರ?"

"ನಂದೇ. ನಮ್ಮನೆ ಚೀಟಿ ಯಾಗ್ಳೂ ನಾನೇ ಬರೂದ್."

"ಅಕ್ಟೋಬರ್ ಎರಡರಂದು ನೀವು ಎಣಿಕೆಗೆ ಇದ್ದಿರಾ?"

ಅವರು ಇರಲಿಲ್ಲ. ಆ ವಾರ ಕಣ್ಣಿನ ಪೊರೆ ತೆಗೆಸಲು ಉಡುಪಿಯ ಆಸ್ಪತ್ರೆಯಲ್ಲಿದ್ದರು. ಎರಡು ದಿನ ಮೊದಲೇ ಹೋಗಿದ್ದರು. ಚೀಟಿ ಬರೆದು ಕೊಟ್ಟು ಹೋದ ನೆನಪು ಅವರಿಗಿಲ್ಲ.

"ಹಾಗಾದರೆ ಈ ಎರಡು ಸಾವಿರದ ಐನೂರು ನೋಡಿ ನಿಮಗೆ ಏನೂ ಅನ್ನಿಸಲಿಲ್ಲವೇ? ಹಬ್ಬದ ತಿಂಗಳು ಬಿಟ್ಟರೆ ನಿಮ್ಮ ಮನೆಯದ್ದು ಯಾವಾಗಲೂ ಐನೂರು."

"ನನ್ನ ಕಣ್ಣಿಗಾಯಿ ಅವ್ಳ್ ಹರಕೆ ಹೊತ್ತಿರ್ಕ್ ಅಂದೇಳಿ ಮಾಡಿದೆ. ಚೀಟಿ ಹಳಿದೋ ಹೊಸತೋ ಕಂಡಿಲ್ಲೆ. ಹೆಂಡ್ತಿ ಹರಕಿ ಎಷ್ಟ್ ಅಂತ ಕೇಂಬುದ್ ಹ್ಯಾಂಗೆ? ಕೇಂತಿಲ್ಲೆ."

ಎಂಬತ್ತನಾಲ್ಕು ಮನೆಯವರನ್ನು ಕೇಳಿದವರು ಎಂಬತ್ತೈದನೆಯ ಮನೆಯಲ್ಲಿ ಕೇಳಿರಲಿಲ್ಲ. ಅವರು ಕೊರಳಿನಿಂದ ಅಳತೆಯ ಟೇಪು ತೆಗೆದು, ಸುತ್ತಿ, ಮೇಜಿನ ಮೇಲೆ ಇಟ್ಟರು. ಮನೆಗೆ ಫೋನು ಮಾಡಿ ಹೆಂಡತಿ ಕ್ರಿಸ್ತಿನ್ ಬಾಯಿಯನ್ನು ಕೊಂಕಣಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. ನನಗೆ ಕೊಂಕಣಿ ಅಷ್ಟಿಷ್ಟು ಅರ್ಥವಾಗುತ್ತದೆ. ಐನೂರು ಹಾಕಿದ್ದೆ, ಯಾವಾಗಲೂ ಅಷ್ಟೇ ಅಲ್ಲವೇ, ಚೀಟಿ ಚೀಲದಲ್ಲೇ ಇತ್ತಲ್ಲ, ನೀವು ಬರೆದಿಟ್ಟು ಹೋದದ್ದೆಂದು ಓದದೆ ಬಿಟ್ಟೆ ಎಂದರು ಆಕೆ.

ಆಗಿದ್ದು ಅಷ್ಟೇ. ಸೆಪ್ಟೆಂಬರಿನಲ್ಲಿ ಎಣಿಸಿದವರು ಚೀಟಿಯನ್ನು ಬರೆದುಕೊಂಡು, ದಾರಕ್ಕೆ ಪೋಣಿಸುವ ಬದಲು ಚೀಲಕ್ಕೇ ಹಾಕಿ ಕಳುಹಿಸಿದ್ದರು. ಅಕ್ಟೋಬರಿನಲ್ಲಿ ಅದೇ ಚೀಟಿ ಐನೂರು ರೂಪಾಯಿಯೊಂದಿಗೆ ಹಿಂದಿರುಗಿತ್ತು. ಹಣವನ್ನು ನೋಡಬಾರದೆಂಬ ನಿಯಮ ಇದ್ದುದರಿಂದ ಎಮಿಲ್ದಾ ನೋಡಿರಲಿಲ್ಲ. ಎರಡು ಸಾವಿರ ಯಾವತ್ತೂ ಇರಲೇ ಇಲ್ಲ. ಇಲ್ಲದ ಹಣಕ್ಕೆ ಅವಳು ಎರಡೂವರೆ ವರ್ಷ ಕಳ್ಳಿಯಾಗಿದ್ದಳು.

ಸಿಪ್ರಿಯನ್ನರ ಮುಖ ನೋಡಲು ಕಷ್ಟವಾಗಿತ್ತು. ನಾನು ಸಮಾಧಾನ ಹೇಳುವವಳಲ್ಲ. ಆದರೂ ಒಂದು ದಾರಿ ಹೇಳಿದೆ, ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ. "ಹಳೆಯ ಚೀಟಿ ಎರಡು ಸಲ ಲೆಕ್ಕಕ್ಕೆ ಬಂತು ಎಂದು ನಾನು ಬರೆದು ಕೊಡುತ್ತೇನೆ. ಎಮಿಲ್ದಾಳ ಹೆಸರು ಚೊಕ್ಕಟವಾಗುತ್ತದೆ. ಚೀಲದ ನಂಬರು ಬರೆಯಬೇಕೆಂದಿಲ್ಲ."

ಸಿಪ್ರಿಯನ್ ನನ್ನನ್ನೇ ನೋಡಿದರು. "ಟೀಚರ್, ಅವ್ಳ ಹೆಸ್ರ್ ಗಂಗೊಳ್ಳಿ ತನಕ ಗೊತ್ತಿತ್ತ್. ನನ್ನ ನಂಬ್ರ ಮಾತ್ರ ಯಾಕ್ ಯಾರಿಗೂ ಗೊತ್ತಾಪ್ದ್ ಬ್ಯಾಡ?"

ನಾನು ಮೂವತ್ತೇಳು ಎಂದು ಬರೆದುಕೊಂಡೆ. ಆವತ್ತೇ ಸಂಜೆ ಅವರು ಎಮಿಲ್ದಾಳ ಮನೆಗೆ ಹೋಗಿ ವಿಷಯ ಹೇಳಿದರು. ಅವಳು ಬಾಗಿಲು ಹಾಕಿಕೊಂಡಳಂತೆ.

ಜೂನ್ ಎಂಟರಂದು ಮಳೆ ಬರುತ್ತಿತ್ತು. ಇಗರ್ಜಿ ತುಂಬಿತ್ತು. ಸಿಪ್ರಿಯನ್ ಬಲಿಪೀಠದ ಕೆಳಗೆ ನಿಂತು ಒಂದು ಗಂಟೆ ಲೆಕ್ಕ ಓದಿದರು. ಮೇಣದಬತ್ತಿ, ಕರೆಂಟು ಬಿಲ್ಲು, ಸ್ಮಶಾನದ ಗೋಡೆಗೆ ಜಲ್ಲಿ, ಯಾವುದನ್ನೂ ಬಿಡಲಿಲ್ಲ, ಯಾವುದಕ್ಕೂ ದನಿ ಬದಲಾಗಲಿಲ್ಲ. ಕೊನೆಯ ಸಾಲಿಗೂ ಅದೇ ದನಿ.

"ಎರಡು ಸಾವಿರದ ಇಪ್ಪತ್ತೆರಡರ ಅಕ್ಟೋಬರ್ ಎರಡು. ವ್ಯತ್ಯಾಸ ಬಗೆಹರಿದಿದೆ. ಹಣ ಕಾಣೆಯಾಗಿಲ್ಲ. ಮೂವತ್ತೇಳನೆಯ ಚೀಲದಲ್ಲಿ ಹಿಂದಿನ ತಿಂಗಳ ಚೀಟಿ ಉಳಿದಿತ್ತು. ಮೂವತ್ತೇಳು ಸಿಪ್ರಿಯನ್ ಬುತೆಲ್ಲೊ, ಖಜಾಂಚಿ. ಎಲ್ಲ ಮನೆಯನ್ನು ವಿಚಾರಿಸಿದ್ದೇನೆ ಎಂದು ಖಜಾಂಚಿ ಎರಡು ಸಲ ಇಲ್ಲಿ ಓದಿದ್ದು ಸುಳ್ಳು. ಒಂದು ಮನೆಯನ್ನು ವಿಚಾರಿಸಿರಲಿಲ್ಲ. ತಪ್ಪು ಖಜಾಂಚಿಯದ್ದು. ಚೀಲ ಬಿಚ್ಚಿದ ಎಮಿಲ್ದಾ ಫುರ್ಟಾಡೊ ನಿಯಮದ ಪ್ರಕಾರವೇ ಕೆಲಸ ಮಾಡಿದ್ದಾರೆ."

ಹೆಂಡತಿಯ ಹೆಸರು ಎತ್ತಲಿಲ್ಲ. ಕಣ್ಣಿನ ಆಪರೇಶನ್ ಎಂದೂ ಹೇಳಲಿಲ್ಲ. ನನ್ನ ಆಯುಷ್ಯದಲ್ಲಿ ಎಷ್ಟೋ ಲೆಕ್ಕಪತ್ರ ಮಂಡನೆಗಳನ್ನು ಕೇಳಿದ್ದೇನೆ. ಕೈಯಲ್ಲಿದ್ದ ಪೆನ್ನು ಮುಚ್ಚಿಟ್ಟು ಕೇಳಿದ್ದು ಅದೊಂದೇ ಸಲ.

ಮೊದಲು ಮಾತಾಡಿದವಳು ಎಮಿಲ್ದಾ. ಎದ್ದು ನಿಂತಳು. ಕ್ಷಮೆಯ ದನಿಯಲ್ಲ.

"ಎರಡೂವರೆ ವರ್ಷ ಸಿಪ್ರಿಮಾಮ್! ಊರೆಲ್ಲ ತಿರುಗಿ ಕೇಂಡ್ರಿ. ನಿಮ್ಮ ಅಡ್ಗಿ ಕೋಣಿಗೆ ಹೋಯಿ ಒಂದ್ ಮಾತ್ ಕೇಂಬುಕೆ ಆಯ್ಲಿಲ್ಯಾ?"

"ಆಯ್ಲಿಲ್ಲೆ" ಎಂದರು ಸಿಪ್ರಿಯನ್.

"ಹೆಂಡ್ತಿ ಮೇಲೆ ಅಷ್ಟ್ ನಂಬ್ಕಿ."

"ಹೌದ್."

"ನನ್ ಮೇಲೆ?"

ಸಿಪ್ರಿಯನ್ ರಾಜೀನಾಮೆಯ ಕಾಗದವನ್ನು ಪಾದ್ರಿಯ ಕೈಗೆ ಕೊಟ್ಟರು. ಪಾದ್ರಿ ಸಭೆಯ ಕಡೆ ನೋಡಿದರು. ಲಾದ್ರು ಬರೆಟ್ಟೊ ಗಂಟಲು ಸರಿಮಾಡಿಕೊಂಡು, ಸಿಪ್ರಿ ಹೋದರೆ ಈ ಗುಂಡಿ ಲೆಕ್ಕ ಯಾರಿಗೆ ಅರ್ಥವಾಗುತ್ತದೆ ಎಂದ. ಯಾರೋ ನಕ್ಕರು. ಎಮಿಲ್ದಾ ಲಾದ್ರುವಿನ ಕಡೆ ತಿರುಗಿ, "ನಿಮ್ಮ ಬಾಯಿಗೂ ಒಂದ್ ಗುಂಡಿ ಹೊಲ್ಸ್ಕಣಿ, ತುರ್ಬಿನ ಮಾತ್ ಆಡಿದ್ ಬಾಯಿ ಅದ್" ಎಂದಳು. ಈ ಸಲ ಎಲ್ಲರೂ ನಕ್ಕರು, ಅವಳು ನಗಲಿಲ್ಲ. ವರ್ಷದ ಕೊನೆಯವರೆಗೆ ಸಿಪ್ರಿಯನ್ ಇರಲಿ, ಅಷ್ಟರಲ್ಲಿ ಇನ್ನಿಬ್ಬರಿಗೆ ಕೆಲಸ ಕಲಿಸಲಿ ಎಂದು ತೀರ್ಮಾನವಾಯಿತು. ಮೂವರ ಗುಂಡಿಯೂ ಡಬ್ಬಿಗೆ ಹಿಂದಿರುಗಬೇಕೆಂದೂ ಆಯಿತು. ಪಾದ್ರಿ ಐಸ್ ಪ್ಲಾಂಟಿನ ಮಾಲೀಕನಿಗೆ ಒಂದು ಕಾಗದ ಬರೆದರು. ನಾನೂ ಕೆಳಗೆ ಸಹಿ ಹಾಕಿದೆ. ಸಹಿ ಹಾಕಲು ಅಲ್ಲಿ ನನಗೆ ಏನೂ ಅಡ್ಡಿ ಇರಲಿಲ್ಲ.

ಆ ವಾರ ಸಿಪ್ರಿಯನ್ ಎಂಬತ್ತೈದು ಚೀಲಗಳನ್ನೂ ತರಿಸಿಕೊಂಡು ಪ್ರತಿಯೊಂದರ ಹೊರಗೆ ಒಂದು ಸಣ್ಣ ಜೇಬು ಹೊಲಿದರು. ಇನ್ನು ಮುಂದೆ ಚೀಟಿ ಅದರಲ್ಲಿ. ಒಳಗೆ ಉಳಿದುಹೋಗುವಂತಿಲ್ಲ, ಜೇಬು ಖಾಲಿಯೋ ಅಲ್ಲವೋ ಮೇಲಿನಿಂದಲೇ ಕಾಣುತ್ತದೆ. ಇಗರ್ಜಿಗಾಗಿ ಅವರು ಹೊಲಿದ ಮೊದಲ ಜೇಬುಗಳು ಅವು.

ಮುಂದಿನ ಭಾನುವಾರ ನಾನು ಮತ್ತೆ ಹೋದೆ. ನನಗೆ ಅಲ್ಲಿ ಕೆಲಸವಿರಲಿಲ್ಲ, ಡಬ್ಬಿಯನ್ನು ಪೂರ್ತಿಯಾಗಿ ನೋಡಬೇಕಿತ್ತು. ಜಗಲಿಯಲ್ಲಿ ಮೇಜು, ಬಿಸ್ಕತ್ತಿನ ಡಬ್ಬಿ, ಪಕ್ಕದಲ್ಲಿ ಮಡಚಿಟ್ಟ ಬಿಳಿ ಬಟ್ಟೆ. ಸಿಪ್ರಿಯನ್ ಬಟ್ಟೆ ಬಿಚ್ಚಿ, ಡಬ್ಬಿಯಲ್ಲಿದ್ದ ಎಂಬತ್ತೊಂದನ್ನು ಎಂದಿನಂತೆ ಜೋಡಿ ನೋಡಿ ಎಣಿಸಿದರು. ಮುದುಕ ಬೋಟಿನವ ತನ್ನ ಗುಂಡಿ ಕೊಟ್ಟ. ಅದನ್ನು ಜೋಡಿಯ ಮೇಲೆ ಇಟ್ಟು ನೋಡಿ ಡಬ್ಬಿಗೆ ಹಾಕಿದರು. ಲಾದ್ರು ಕೊಟ್ಟ. ಅವನದನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. "ಎಂತ, ಎರಡೂವರೆ ವರ್ಷದಲ್ಲಿ ಬಣ್ಣ ಬದಲಾಯ್ತಾ?" ಎಂದು ಲಾದ್ರು ಗೊಣಗಿದ.

ಎಮಿಲ್ದಾ ಕೊನೆಗೆ ಬಂದಳು. ಜಡೆ ಹಾಗೆಯೇ ಬೆನ್ನ ಮೇಲಿತ್ತು. ಮುಷ್ಟಿ ಮುಚ್ಚಿಕೊಂಡಿದ್ದಳು. ಅವಳು ಅದನ್ನು ಸಿಪ್ರಿಯನ್ನರ ಅಂಗೈಗೆ ಕೊಡಲಿಲ್ಲ. ಅವರ ಮುಖವನ್ನೇ ನೋಡುತ್ತ, ನೇರವಾಗಿ ಡಬ್ಬಿಯ ಮೇಲೆ ಮುಷ್ಟಿ ಬಿಚ್ಚಿದಳು. ಏನೋ ಟಣ್ಣೆಂದು ಬಿತ್ತು. ಏನೆಂದು ನನಗೆ ಕಾಣಲಿಲ್ಲ, ಅವರಿಗೂ ಕಂಡಿರಲಾರದು.

ಸಿಪ್ರಿಯನ್ನರ ಕೈ ಎಂದಿನಂತೆ ಎರಡನೆಯ ಎಣಿಕೆಗೆ ಡಬ್ಬಿಯ ಕಡೆ ಹೋಯಿತು. ಅಲ್ಲಿಂದ ಬಟ್ಟೆಯ ಕಡೆ ಬಂದಿತು. ಬಟ್ಟೆಯನ್ನು ನಾಲ್ಕಾಗಿ ಮಡಚಿ ಬದಿಗಿಟ್ಟರು. ಡಬ್ಬಿಯ ಮುಚ್ಚಳ ಹಾಕಿ ಅಲುಗಾಡಿಸಿದರು, ಮುಚ್ಚಳ ತೆಗೆದು, ಎಣಿಸದೆ, ಆ ದಿನದ ಹಿರಿಯ ಮುದುಕಿಯ ಮುಂದೆ ಹಿಡಿದರು.